ಮೂವತ್ತು ವರ್ಷದ ನೀರಿನ ಯೋಜನೆಯಲ್ಲಿ ಮೊದಲು ಕೇಳಬೇಕಾದ್ದು ಪೈಪಿನ ವಯಸ್ಸು

ಕಾಸರಗೋಡಿನಂಥ ಪಟ್ಟಣಕ್ಕೆ ಕುಡಿಯುವ ನೀರು, ಒಳಚರಂಡಿ, ಮಳೆನೀರಿನ ಚರಂಡಿ ಮೂರಕ್ಕೂ ಸೇರಿ ಮೂವತ್ತು ವರ್ಷದ ಯೋಜನೆ ಮಾಡುವುದಾದರೆ ಎಲ್ಲಿಂದ ಶುರು, ವಾರ್ಡ್ ಸಭೆಯಲ್ಲಿ ಏನು ಕೇಳಬೇಕು ಎಂದು ಕೇಳಿದ್ದೀರಿ. ಹೊಸ ಟ್ಯಾಂಕಿ, ಹೊಸ ಪ್ಲಾಂಟ್ ಎಂದು ಶುರು ಮಾಡಬೇಡಿ. ಅದು ಬೇಡಿಕೆ ಪಟ್ಟಿ ಆಗುತ್ತದೆ, ಯೋಜನೆ ಆಗುವುದಿಲ್ಲ. ನೆಲದಡಿಯಲ್ಲಿ ಈಗ ಏನಿದೆ ಎಂಬುದರಿಂದ ಶುರು ಮಾಡಿ.

ಪ್ರತಿ ರಸ್ತೆಗೆ ಒಂದು ಸಾಲು ಬರೆಯಿರಿ. ಪೈಪಿನ ವ್ಯಾಸ, ಉದ್ದ, ಯಾವ ಜಾತಿಯದು, ಹಾಕಿದ ವರ್ಷ, ಕಳೆದ 5 ವರ್ಷದಲ್ಲಿ ಎಷ್ಟು ಸಲ ಒಡೆಯಿತು. ವರ್ಷದ ದಾಖಲೆ ಸಿಗದಿದ್ದರೆ ವಾಲ್ವ್ ತಿರುಗಿಸುವವರನ್ನು ಕೇಳಿ, ಕಡತದಲ್ಲಿ ಇಲ್ಲದ್ದು ಅವರ ನೆನಪಿನಲ್ಲಿರುತ್ತದೆ. ಆಸ್ಬೆಸ್ಟಾಸ್ ಸಿಮೆಂಟಿನ ಪೈಪು ಇದ್ದ ಕಡೆ ಕೆಂಪು ಗುರುತು ಹಾಕಿ. ಮೆದು ನೀರು (ಸುಣ್ಣದ ಅಂಶ ಕಡಿಮೆ ಇರುವುದು), ಹುಳಿ ಮಣ್ಣು ಎರಡೂ ಸೇರಿದರೆ ಸಿಮೆಂಟಿನ ಸುಣ್ಣ ಕರಗಿ ಹೋಗುತ್ತದೆ. ಹೊರಗಿನಿಂದ ನೋಡಿದರೆ ಗಟ್ಟಿ, ಒಳಗೆ ಉಗುರಿಗೆ ಸಿಗುವಷ್ಟು ಮೆದು. ಮೇಲೆ ಲೋಡಿನ ಲಾರಿ ಹೋದ ದಿನ ಒಡೆಯುತ್ತದೆ.

ಇನ್ನು ಲೆಕ್ಕ. ಕೇಂದ್ರದ ಹಳೆಯ ಕೈಪಿಡಿಯಲ್ಲಿ ವಿತರಣಾ ಪೈಪುಗಳಿಗೆ 30 ವರ್ಷ, ಪಂಪು ಮತ್ತು ಮೋಟರಿಗೆ 15 ವರ್ಷದ ವಿನ್ಯಾಸಾವಧಿ ಇದೆ. ನಿಮ್ಮಲ್ಲಿ 60 ಕಿ.ಮೀ. ಪೈಪು ಇದೆ ಎಂದಿಟ್ಟುಕೊಳ್ಳಿ. 30 ವರ್ಷದಲ್ಲಿ ಎಲ್ಲವನ್ನೂ ಒಂದು ಸುತ್ತು ಬದಲಾಯಿಸುವುದಾದರೆ ವರ್ಷಕ್ಕೆ 2 ಕಿ.ಮೀ. ಆಗಬೇಕು. ಬದಲಾಯಿಸುವುದು 300 ಮೀಟರ್ ಆದರೆ ಒಂದು ಸುತ್ತು ಮುಗಿಯಲು 200 ವರ್ಷ! ವರ್ಷಕ್ಕೆ ಎಷ್ಟು ಮೀಟರ್ ಬದಲಾಯಿಸುತ್ತೀರಿ ಎಂದು ಸಭೆಯಲ್ಲಿ ಈ ಒಂದೇ ಪ್ರಶ್ನೆ ಕೇಳಿದರೂ ಸಾಕು. ಆದರೆ ವಿನ್ಯಾಸಾವಧಿ ಅಂದರೆ ಪೈಪಿನ ಆಯುಷ್ಯ ಅಲ್ಲ, ಎಷ್ಟು ವರ್ಷ ಮುಂದಿನ ಬೇಡಿಕೆ ನೋಡಿ ಅಳತೆ ಹಿಡಿದಿದ್ದಾರೆ ಎಂಬುದು. ಚೆನ್ನಾಗಿ ಹಾಕಿದ ಡಕ್ಟೈಲ್ ಐರನ್ (ಸುಲಭಕ್ಕೆ ಒಡೆಯದ ಬೀಡುಕಬ್ಬಿಣ) ಪೈಪು ಇನ್ನೂ ಎಷ್ಟೋ ವರ್ಷ ಬಾಳುತ್ತದೆ. ಯಾವುದನ್ನು ಮೊದಲು ತೆಗೆಯಬೇಕು ಎಂಬುದನ್ನು ಒಡೆದ ಲೆಕ್ಕ ನೋಡಿ ತೀರ್ಮಾನಿಸಿ.

ಸೋರಿಕೆ ಪರೀಕ್ಷೆಗೆ ದೊಡ್ಡ ಉಪಕರಣ ಬೇಡ. ರಾತ್ರಿ 2ರಿಂದ 4ರವರೆಗೆ ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ, ಊರಿಗೆ ಹೋಗುವುದನ್ನು ತೆರೆದಿಟ್ಟು ಮಟ್ಟ ಅಳೆಯಿರಿ. 10 ಮೀಟರ್ ಉದ್ದ, 10 ಮೀಟರ್ ಅಗಲದ ಟ್ಯಾಂಕಿಯಲ್ಲಿ 1 ಸೆಂ.ಮೀ. ಇಳಿದರೆ 1,000 ಲೀಟರ್ ಹೋಯಿತು. ಮನೆಗಳ ಮೇಲಿನ ಟ್ಯಾಂಕಿಗಳೂ ಆ ಹೊತ್ತಿಗೇ ತುಂಬುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಒಂದು ರಾತ್ರಿಯ ಅಳತೆ ನಂಬಬೇಡಿ, ಮೂರ್ನಾಲ್ಕು ರಾತ್ರಿ ನೋಡಿ.

ಬೇರೆ ಊರಿನ ಮಾದರಿಯನ್ನು ಹಾಗೇ ಇಳಿಸಿದರೆ ಕೆಡುವುದು ನಮ್ಮ ಬಾವಿಗಳ ವಿಷಯದಲ್ಲಿ. ಇಲ್ಲಿ ಮನೆಗೊಂದು ಬಾವಿ. ಮಳೆಗಾಲದಲ್ಲಿ ನಳ್ಳಿ ತಿರುಗಿಸುವವರೇ ಕಡಿಮೆ. ಏಪ್ರಿಲ್‌ನಲ್ಲಿ ಬಾವಿ ಆರಿದಾಗ ಎಲ್ಲರಿಗೂ ಒಮ್ಮೆಗೇ ನಳ್ಳಿ ನೀರು ಬೇಕು, ಹೊಳೆಯಲ್ಲೂ ಆಗಲೇ ನೀರಿಲ್ಲ. ಊರಿಗೆ ಹೊಳೆನೀರು ಎತ್ತುವ ಬಾವಿಕ್ಕೆರೆಯಲ್ಲಿ ಕಡಲಿನ ಉಪ್ಪುನೀರು ಮೇಲೆ ಬಾರದಂತೆ ಮರಳಿನ ಚೀಲದ ತಡೆ ಕಟ್ಟುತ್ತಿದ್ದ ಕಾಲದಲ್ಲಿ ನಳ್ಳಿಯಲ್ಲಿ ಉಪ್ಪುನೀರು ಕುಡಿದದ್ದು ಯಾರೂ ಮರೆತಿಲ್ಲ. ಈಗ ಶಾಶ್ವತ ರೆಗ್ಯುಲೇಟರ್ (ಬಾಗಿಲುಗಳಿರುವ ಅಡ್ಡಕಟ್ಟೆ) ಇದೆ, ಆದರೆ ಅದರ ಬಾಗಿಲು, ರಬ್ಬರ್ ಸೀಲ್ ಕೂಡ ನಿಮ್ಮ ಪಟ್ಟಿಯಲ್ಲಿ ವಯಸ್ಸಿನ ಸಮೇತ ಇರಬೇಕು. ವರ್ಷದ ಸರಾಸರಿ ಹಿಡಿದು ಪಂಪು ಕೊಂಡರೆ ಮೇ ತಿಂಗಳಲ್ಲಿ ಸಾಲದು. ಬೇಸಿಗೆಯ ಬೇಡಿಕೆಗೆ ಕೊಂಡರೆ ಉಳಿದ ತಿಂಗಳು ಬಿಲ್ಲಿನ ಹಣ ಬರುವುದಿಲ್ಲ. ಎರಡನೆಯದೇ ಸರಿ ಎನ್ನುವುದು ನನ್ನ ಅಭಿಪ್ರಾಯ, ಆದರೆ ಆ ಕೊರತೆಯನ್ನು ಯೋಜನೆಯಲ್ಲೇ ಬರೆದಿಡಿ.

ಒಳಚರಂಡಿಯ ಅಂದಾಜಿಗೆ ನಳ್ಳಿಯ ಮೀಟರ್ ನೋಡುವುದು ಇನ್ನೊಂದು ತಪ್ಪು. ಬಾವಿನೀರಲ್ಲಿ ಮಿಂದವರ ನೀರೂ ಚರಂಡಿಗೇ ಬರುವುದು. ಜನಸಂಖ್ಯೆಯಿಂದಲೇ ಲೆಕ್ಕ ಹಾಕಿ. ತಲಾ 135 ಲೀಟರ್, ಅದರ 80 ಶೇಕಡಾ, ಅಂದರೆ 108 ಲೀಟರ್. ಹತ್ತು ಸಾವಿರ ಜನರಿಗೆ ದಿನಕ್ಕೆ 10.8 ಲಕ್ಷ ಲೀಟರ್. ಎಲ್ಲಿ ಮೊದಲು ಎಂದರೆ, ಐದು ಸೆಂಟ್ಸ್ ಜಾಗೆಯ ಮನೆಗಳು ಒತ್ತಿಕೊಂಡಿರುವಲ್ಲಿ. ಐದು ಸೆಂಟ್ಸ್ ಅಂದರೆ ಸುಮಾರು 14 ಮೀಟರ್ ಚೌಕ. ಅಷ್ಟರಲ್ಲಿ ಮನೆ, ಬಾವಿ, ಶೌಚದ ನೀರಿನ ಇಂಗುಗುಂಡಿ ಮೂರೂ ಬೇಕು. ಸ್ವಂತ ಬಾವಿಯಿಂದ 7.5 ಮೀಟರ್ ದೂರ ಬಿಟ್ಟರೂ ಗುಂಡಿ ಪಕ್ಕದವರ ಬಾವಿಯ ಬುಡಕ್ಕೆ ಹೋಗಿ ನಿಲ್ಲುತ್ತದೆ. ನೆಲದಡಿಯ ಮುರಕಲ್ಲಿನ (ಜಂಬಿಟ್ಟಿಗೆಯ) ತೂತುಗಳಲ್ಲಿ ಕೊಳೆನೀರು ಸೋಸದೆ ಓಡುತ್ತದೆ.

ಮಳೆನೀರಿಗೆ ಒಂದೇ ಸೂತ್ರ ಸಾಕು. ಹೆಕ್ಟೇರ್, ಗಂಟೆಗೆ ಮಿ.ಮೀ. ಮಳೆ, ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದು ಹೋಗುವ ಪಾಲು) ಮೂರನ್ನೂ ಗುಣಿಸಿ 360ರಿಂದ ಭಾಗಿಸಿ, ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂದು ಸಿಗುತ್ತದೆ. 4 ಹೆಕ್ಟೇರಿಗೆ ಗಂಟೆಗೆ 60 ಮಿ.ಮೀ. ಬಿದ್ದರೆ, ಮಣ್ಣಿನ ಅಂಗಳಗಳಿದ್ದಾಗ ಗುಣಾಂಕ 0.4 ಹಿಡಿದು 0.27. ಎಲ್ಲರೂ ಅಂಗಳಕ್ಕೆ ಇಂಟರ್‌ಲಾಕ್ ಸಿಮೆಂಟ್ ಇಟ್ಟಿಗೆ ಹಾಸಿದ ಮೇಲೆ 0.8, ಹರಿವು 0.53. ಚರಂಡಿ ಮಾತ್ರ ಅದೇ ಹಳೆಯದು. ಹೊಳೆಬದಿಯಲ್ಲಿ ಚರಂಡಿಯ ಬಾಯಿ ಕಡಲಿನ ಭರತದ (ಉಬ್ಬರದ) ಮಟ್ಟಕ್ಕಿಂತ ಕೆಳಗಿದ್ದರೆ ಎಷ್ಟು ಅಗಲ ಮಾಡಿದರೂ ನೀರು ಹಿಂದಕ್ಕೇ ಬರುತ್ತದೆ. ಅಲ್ಲಿಗೆ ಒಮ್ಮುಖ ಬಾಗಿಲು ಬೇಕು, ಅದರಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ತೆಗೆಯಲು ಒಬ್ಬ ಆಳೂ ಬೇಕು.

ದುಡ್ಡಿನ ವಿಷಯ ಚುಟುಕಾಗಿ. ನಗರಗಳ ನೀರು, ಒಳಚರಂಡಿಗೆ ಹಣ ಕೊಡುವ ಕೇಂದ್ರದ 2015ರ ಅಮೃತ್ ಯೋಜನೆಯ 500 ನಗರಗಳಲ್ಲಿ ಕಾಸರಗೋಡು ಇಲ್ಲ. 2021ರ ಎರಡನೆಯ ಹಂತದಲ್ಲಿ ನೀರು ಸರಬರಾಜು ಎಲ್ಲ ಪಟ್ಟಣಗಳಿಗೂ ಬಂತು, ಒಳಚರಂಡಿ ಮಾತ್ರ ಆ 500ಕ್ಕೇ ಉಳಿಯಿತು. ಆದ್ದರಿಂದ ನೀರಿಗೂ ಒಳಚರಂಡಿಗೂ ಹಣದ ದಾರಿ ಬೇರೆ ಬೇರೆ ಎಂದೇ ಹಿಡಿಯಿರಿ.

ಕೊನೆಗೆ ಮೂರೂ ಪಟ್ಟಿಗಳನ್ನು ರಸ್ತೆವಾರು ಒಂದರ ಮೇಲೊಂದು ಇಡಿ. ನೀರಿನ ಪೈಪು ಕೇರಳ ವಾಟರ್ ಅಥಾರಿಟಿಯದು, ಒಳರಸ್ತೆಯ ಚರಂಡಿ ನಗರಸಭೆಯದು, ದೊಡ್ಡ ರಸ್ತೆಯದು ಲೋಕೋಪಯೋಗಿಯವರದು. ಮೂವರೂ ಕೂತು ಅಗೆಯುವ ವರ್ಷ ಒಪ್ಪಬೇಕು. ಎಲ್ಲಕ್ಕಿಂತ ಆಳದ ಒಳಚರಂಡಿ ಮೊದಲು, ಮೇಲಿನ ನೀರಿನ ಪೈಪು ಆಮೇಲೆ, ಡಾಂಬರು ಒಂದು ಮಳೆಗಾಲ ಕಳೆದು ಮಣ್ಣು ಕೂತ ಮೇಲೆ. ವಾರ್ಡಿನಲ್ಲಿ ಮುಂದಿನ ಮೂರು ವರ್ಷ ಯಾವ ರಸ್ತೆಗೆ ಡಾಂಬರು ಎಂಬ ಪಟ್ಟಿಯನ್ನು ಮೊದಲ ಸಭೆಯಲ್ಲೇ ಕೇಳಿ ಇಸಿದುಕೊಳ್ಳಿ.