ರಾತ್ರಿ ಬರುವ ರಿವ್ಯೂ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಇವರಿಗೆ ಮೂವತ್ತೈದರ ಆಸುಪಾಸು. ಬೆಳ್ಳಂದೂರಿನ ಕಡೆ ಕೆಲಸ. ನಿದ್ದೆ ಇಲ್ಲ, ಮನೆಯಲ್ಲಿ ಸುಮ್ಸುಮ್ನೆ ರೇಗುತ್ತೇನೆ ಎಂದು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದರು. ಹೆಂಡತಿ ಮಧ್ಯರಾತ್ರಿ "ರೀ, ಫೋನ್ ಇಡ್ರೀ" ಅಂದದ್ದಕ್ಕೇ ದೊಡ್ಡ ಜಗಳವಂತೆ.

ಬಿಡುವಿದ್ದಾಗ ಲಿನಕ್ಸ್ ಕರ್ನಲ್‌ನ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು) ಮೆಮೊರಿ ಮ್ಯಾನೇಜ್‌ಮೆಂಟ್ ಕೋಡ್ ಕ್ಲೀನ್ ಮಾಡಿ ಪ್ಯಾಚ್, ಅಂದರೆ ಕೋಡಿನ ಬದಲಾವಣೆ, ಮೇಲ್‌ನಲ್ಲಿ ಕಳಿಸುತ್ತಾರೆ. ಅದನ್ನು ನೋಡಿ ರಿವ್ಯೂ ಬರೆಯುವವರು ಹೊರದೇಶದವರು. ಉತ್ತರ ಬರುವಾಗ ನಮಗೆ ರಾತ್ರಿ.

"ನನ್ನ ಕೆಲಸ ಕಸ ಅಂದ್ರು ಮೇಡಂ."

ಎಲ್ಲಿ, ಓದಿ ಅಂದೆ. ಓದಿದರು. ಕಸ ಅನ್ನುವ ಮಾತೇ ಇರಲಿಲ್ಲ! ಹೆಸರು ಬದಲಿಸಿದ್ದು, ಕೆಫ್ರೀಗೆ (ಮೆಮೊರಿ ವಾಪಸ್ ಕೊಡುವ ಫಂಕ್ಷನ್) ಮೊದಲಿದ್ದ ಬೇಡದ ನಲ್ ಚೆಕ್, ಅಂದರೆ ಖಾಲಿಯೇ ಎಂದು ನೋಡುವ ಸಾಲು, ತೆಗೆದದ್ದು, ಫಂಕ್ಷನ್ ಒಡೆದದ್ದು ಎಲ್ಲ ಒಂದೇ ಪ್ಯಾಚ್‌ನಲ್ಲಿದೆ, ಬೇರೆ ಬೇರೆ ಮಾಡಿ ಕಳಿಸಿ ಎಂದಿತ್ತು. ಎರರ್ ಬಂದಾಗ ಪೇಜಿನ (ಮೆಮೊರಿಯ ಒಂದು ತುಂಡು) ರೆಫರೆನ್ಸ್, ಅಂದರೆ ಅದರ ಮೇಲಿನ ಹಿಡಿತ, ಬಿಡುವುದು ತಪ್ಪಿಹೋಗಿದೆ, ಆ ಮೆಮೊರಿ ವಾಪಸ್ ಬರದೆ ಲೀಕ್ ಆಗುತ್ತದೆ ಎಂದಿತ್ತು. ಬರೀ ಚಂದಕ್ಕೆ ಹೆಸರು ಬದಲಿಸಿದರೆ ಹಳೇ ವರ್ಷನ್‌ಗಳಿಗೆ ಫಿಕ್ಸ್ ಹಾಕುವವರಿಗೆ ಕಷ್ಟ ಅಂತಲೂ ಇತ್ತು. ನನಗೆ ಸಿ ಭಾಷೆ ಬರುವುದಿಲ್ಲ. ಆದರೆ ಇದೆಲ್ಲ ಕೋಡಿನ ಬಗ್ಗೆ ಅಲ್ವಾ?

ಕ್ಲೀನಪ್ ಅಂದರೇನೇ ಅವರಿಗೆ ಆಗಲ್ವಾ ಎಂದೆ. "ಹಾಗೇನಿಲ್ಲ ಮೇಡಂ" ಎಂದು ಹುರುಪಿನಿಂದ ಶುರುಮಾಡಿದರು. ಕರ್ನಲ್ ತನಗೆ ಬೇಕಾದ ಸಣ್ಣ ಮೆಮೊರಿ ತುಂಡುಗಳನ್ನು ಹಂಚಲು ಸ್ಲಾಬ್ (SLOB), ಸ್ಲ್ಯಾಬ್ (SLAB), ಸ್ಲಬ್ (SLUB) ಅಂತ ಮೂರು ಅಲೊಕೇಟರ್ ಇದ್ದವಂತೆ. (ಹೆಸರಿಟ್ಟವರಿಗೆ ನಮಸ್ಕಾರ.) 2023ರಲ್ಲಿ ಕರ್ನಲ್‌ನ 6.4 ವರ್ಷನ್‌ನಿಂದ ಮೊದಲನೆಯದನ್ನು, 2024ರಲ್ಲಿ 6.8ರಿಂದ ಎರಡನೆಯದನ್ನು ಕಿತ್ತುಹಾಕಿದರು. ಈಗ ಸ್ಲಬ್ ಒಂದೇ. ಮೂರನ್ನೂ ನೋಡಿಕೊಳ್ಳುವ ತಾಪತ್ರಯ ತಪ್ಪಿತು. ಕಾರಣ ಗಟ್ಟಿಯಾಗಿದ್ದರೆ ದೊಡ್ಡ ಕ್ಲೀನಪ್ಪೂ ಒಳಗೆ ಹೋಗುತ್ತದೆ ಎಂದು ಅವರೇ ಹೇಳಿದರು.

ಹಾಗಾದರೆ ಕಸ ಅನ್ನುವ ಮಾತು ಎಲ್ಲಿಂದ ಬಂತು? ಅದು ಸಿಕ್ಕಿದ್ದು ತಡವಾಗಿ. ಆಫೀಸಿನಲ್ಲಿ ಪ್ರಮೋಷನ್ ತಪ್ಪಿತ್ತು. ಮ್ಯಾನೇಜರ್ ಕಾರಣ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಕಾರಣ ಬಿಡಿಸಿ ಬರೆಯುವ ಅಪರಿಚಿತರ ಮೇಲೆ ಆ ಸಿಟ್ಟೆಲ್ಲ ತಿರುಗಿತ್ತು.

ಆ ಮೇಲ್ ಅಕೌಂಟನ್ನು ಫೋನಿನಿಂದಲೇ ತೆಗೆಯಿರಿ, ಬೆಳಿಗ್ಗೆ ತಿಂಡಿ ಆದ ಮೇಲೆ ಲ್ಯಾಪ್‌ಟಾಪಿನಲ್ಲಿ ನೋಡಿ ಎಂದೆ. ಮತ್ತೆ ಕಳಿಸುವ ಮುಂಚೆ ಕನಿಷ್ಠ ಒಂದು ವಾರ ಕಾಯಿರಿ ಅಂತ ಕರ್ನಲ್‌ನ ಸ್ವಂತ ದಾಖಲೆಯೇ ಹೇಳುತ್ತದಂತೆ. ಮತ್ತೆ ಈ ಅರ್ಧರಾತ್ರಿಯ ಅವಸರ ಯಾರಿಗಾಗಿ? ಹಾಳೆಯ ಎಡಕ್ಕೆ ಅವರು ಬರೆದದ್ದು, ಬಲಕ್ಕೆ ನಿಮಗೆ ಕೇಳಿಸಿದ್ದು ಬರೆಯಿರಿ, ಎಡದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದೂ ಹೇಳಿದೆ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡಲೇಬೇಕು ಎಂದೆ.

ನಿದ್ದೆ ಸುಮಾರಾಗಿ ಬರುತ್ತಿದೆ. ಲೀಕ್ ಸರಿಮಾಡಿ, ಪ್ಯಾಚ್ ಬಿಡಿಸಿ ಕಳಿಸಿದರು. ನಲ್ ಚೆಕ್ ತೆಗೆದದ್ದು ಒಪ್ಪಿಗೆಯಾಯಿತು. ಹೆಸರು ಬದಲಾವಣೆ ಬೇಡ ಅಂದರಂತೆ, ಹೋಗಲಿ ಬಿಡಿ ಅಂದುಕೊಂಡರಂತೆ. ಮ್ಯಾನೇಜರ್ ಹತ್ತಿರ ಮಾತ್ರ ಇನ್ನೂ ಮಾತಾಡಿಲ್ಲ. ಮುಂದಿನ ಸಲ ಅದನ್ನೇ ಕೇಳಬೇಕು.