ಮುಂಬಯಿ ವಿಶ್ವವಿದ್ಯಾಲಯದಲ್ಲಿ ಯಾವ ಪದವಿ ಎಲ್ಲಿ ಸಿಗುತ್ತದೆ? ಕನ್ನಡ ಎಂ.ಎ. ಇದೆಯೇ?

ಇದೆ. ವಿಶ್ವವಿದ್ಯಾಲಯದ ಕಲೀನಾ (ಸಾಂತಾಕ್ರೂಜ್ ಪೂರ್ವ) ಕ್ಯಾಂಪಸ್ಸಿನ ಕನ್ನಡ ವಿಭಾಗದಲ್ಲಿ ಎಂ.ಎ., ಪಿಎಚ್.ಡಿ. ಎರಡೂ ಇವೆ. ಊರಿನಿಂದ ಇಷ್ಟು ದೂರದಲ್ಲಿ ಇಂಥ ವಿಭಾಗ ಇರುವುದು ದೊಡ್ಡ ಮಾತು, ಬಳಸಿಕೊಳ್ಳಿ.

ಉಳಿದಂತೆ ಇಲ್ಲಿ ನಾಲ್ಕು ನಿಕಾಯಗಳು (ಫ್ಯಾಕಲ್ಟಿಗಳು): ಮಾನವಿಕ (ಕಾನೂನೂ ಇದರಲ್ಲೇ), ವಿಜ್ಞಾನ-ತಂತ್ರಜ್ಞಾನ, ವಾಣಿಜ್ಯ-ನಿರ್ವಹಣೆ, ಅಂತರಶಿಸ್ತೀಯ. ಬಿ.ಎ., ಬಿ.ಕಾಂ., ಬಿ.ಎಸ್ಸಿ.ಗೆ ಸಾಮಾನ್ಯವಾಗಿ ಕಲೀನಾಕ್ಕೆ ಹೋಗಬೇಕಿಲ್ಲ, ಅವು ನಡೆಯುವುದು ಸಂಯೋಜಿತ ಕಾಲೇಜುಗಳಲ್ಲಿ. ಸ್ನಾತಕೋತ್ತರ ವಿಭಾಗಗಳು ಹೆಚ್ಚಾಗಿ ಕಲೀನಾದಲ್ಲಿವೆ.

ಹೆಚ್ಚು ಜನ ಎಡವುವುದು ಅರ್ಜಿಯಲ್ಲಿ. ಪದವಿಯ ಮೊದಲ ವರ್ಷಕ್ಕೆ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಪ್ರವೇಶಪೂರ್ವ ನೋಂದಣಿ ಮಾಡಿ, ಅದರ ಪ್ರಿಂಟ್ ಇಟ್ಟುಕೊಂಡು, ಬೇಕಾದ ಪ್ರತಿ ಕಾಲೇಜಿಗೂ ಬೇರೆ ಅರ್ಜಿ ಹಾಕಬೇಕು. ಬರೀ ನೋಂದಣಿ ಮಾಡಿ ಕೂತರೆ ಯಾವ ಮೆರಿಟ್ ಪಟ್ಟಿಯಲ್ಲೂ ಹೆಸರು ಬರುವುದಿಲ್ಲ. ಎಂಜಿನಿಯರಿಂಗ್, ಕಾನೂನಿನ ದಾರಿಯೇ ಬೇರೆ: ಮಹಾರಾಷ್ಟ್ರ ರಾಜ್ಯದ ಸಿಇಟಿ (ಪ್ರವೇಶ ಪರೀಕ್ಷೆ) ಬರೆದು ಕೇಂದ್ರೀಕೃತ ಕೌನ್ಸೆಲಿಂಗ್ ಮೂಲಕ ಸೀಟು ಪಡೆಯಬೇಕು.

ಕರ್ನಾಟಕದಲ್ಲಿ ಪಿಯುಸಿ ಮುಗಿಸಿ ಬರುವವರು ಟಿ.ಸಿ. ಜೊತೆಗೆ ಮೈಗ್ರೇಷನ್ ಸರ್ಟಿಫಿಕೇಟನ್ನೂ (ಬೇರೆ ಮಂಡಳಿ, ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಹಳೆಯ ಮಂಡಳಿ ಕೊಡುವ ಪತ್ರ) ಊರಲ್ಲಿದ್ದಾಗಲೇ ತೆಗೆಸಿಕೊಳ್ಳಿ. ಅದಿಲ್ಲದೆ ಪ್ರವೇಶ ತಾತ್ಕಾಲಿಕವಾಗಿಯೇ ಉಳಿದು, ಅರ್ಹತೆ ಖಚಿತವಾಗದೆ ಪರೀಕ್ಷೆಯ ಹೊತ್ತಿಗೆ ಪೇಚಾಟವಾಗುತ್ತದೆ.