ಮೇಷ್ಟ್ರನ್ನು ಹೆಸರು ಹಿಡಿದು ಕರೆಯಬಹುದಾ?

ಓದುಗರ ಪತ್ರ: "ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳು ಇಂಗ್ಲೆಂಡಿನಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. ಫೋನ್ ಮಾಡಿದಾಗಲೆಲ್ಲ 'ಡೇವಿಡ್ ಹೀಗಂದ, ಡೇವಿಡ್ ಅಸೈನ್‌ಮೆಂಟ್ ವಾಪಸ್ ಕೊಟ್ಟ' ಅಂತಾಳೆ. ಯಾರೋ ಜೊತೆಯ ಹುಡುಗ ಅಂದುಕೊಂಡಿದ್ದೆ. ಕೇಳಿದರೆ ಅವಳ ಲೆಕ್ಚರರ್, ನನಗಿಂತ ನಾಲ್ಕೈದು ವರ್ಷ ಚಿಕ್ಕವರು ಅಷ್ಟೇ. ಹೆಸರು ಹಿಡಿದೇ ಕರೆಯಿರಿ ಅಂತ ಅವರೇ ಹೇಳಿದ್ದಾರಂತೆ. ಕಲಿಸುವವರಿಗೆ ಇಷ್ಟೂ ಮರ್ಯಾದೆ ಇಲ್ಲದ ಕಡೆ ವಿದ್ಯೆ ಹತ್ತುತ್ತದೆಯೇ?" — ಹಾಸನ ಜಿಲ್ಲೆಯ ಓದುಗರು

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ನಿಮಗೆ ಯಾಕೆ ಕಸಿವಿಸಿ ಆಯಿತು ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಮೇಷ್ಟ್ರು ಎದುರಿಗಿಲ್ಲದಾಗಲೂ ಅವರ ಹೆಸರಿನ ಹಿಂದೆ ಒಂದು 'ಸರ್' ಬಂದೇ ಬರುತ್ತದೆ. ಆದರೂ ನಿಮ್ಮ ಮಗಳು ಅಲ್ಲಿ ಮಾಡುತ್ತಿರುವುದು ಸರಿಯಾಗಿಯೇ ಇದೆ. ನಿಮ್ಮ ಕಿವಿಗೆ ಚುಚ್ಚಿದ್ದು ಹೆಸರಿಗಿಂತ ಆ 'ಅಂದ', 'ಕೊಟ್ಟ' ಇರಬೇಕು. ಇಂಗ್ಲಿಷಿನಲ್ಲಿ ಏಕವಚನ ಬಹುವಚನದ ಆ ತೊಡಕೇ ಇಲ್ಲ. ಮನೆಯವರ ಜೊತೆ ಕನ್ನಡದಲ್ಲಿ ಮಾತಾಡುವಾಗ 'ಡೇವಿಡ್ ಹೇಳಿದರು' ಅನ್ನು ಅಂತ ಅವಳಿಗೆ ನೀವು ಧಾರಾಳವಾಗಿ ಹೇಳಬಹುದು. ಅದು ನಮ್ಮ ಭಾಷೆಯ ಮರ್ಯಾದೆ, ಬಿಡಬೇಕಾಗಿಲ್ಲ.

ಬ್ರಿಟನ್ನಿನಲ್ಲೂ ಮೊದಲಿನಿಂದ ಹೀಗಿರಲಿಲ್ಲ. ಹುಡುಗರನ್ನು ಬರೀ ಮನೆತನದ ಹೆಸರಿನಿಂದ ಕೂಗುತ್ತಿದ್ದ ಕಾಲವಿತ್ತು. ಆಗ ಕಾಲೇಜು ತಂದೆತಾಯಿಯ ಜಾಗದಲ್ಲಿ ನಿಂತು ವಿದ್ಯಾರ್ಥಿಗಳನ್ನು ಕಾಯುತ್ತಿತ್ತು. 1970ರಲ್ಲಿ ವಯಸ್ಕರಾಗುವ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಕಾಲೇಜಿಗೆ ಬರುವವರು ಮಕ್ಕಳಲ್ಲ, ದೊಡ್ಡವರು ಎಂದಾಯಿತು. ಇಬ್ಬರೂ ದೊಡ್ಡವರೇ ಆದಮೇಲೆ ಒಬ್ಬರು ಹೆಸರು ಹಿಡಿದು ಕರೆದರೆ ಇನ್ನೊಬ್ಬರೂ ಹಾಗೇ ಕರೆಯಬಹುದು ಎಂಬ ಭಾವನೆ ಅಲ್ಲಿ ಈಗ ಗಟ್ಟಿಯಾಗಿದೆ. ನನಗೆ ಅದರಲ್ಲಿ ಅಗೌರವ ಕಾಣುವುದಿಲ್ಲ. ಹೆಸರು ಹಿಡಿದು ಕರೆಸಿಕೊಳ್ಳುವ ಅದೇ ಲೆಕ್ಚರರ್ ಅಸೈನ್‌ಮೆಂಟ್ ಒಂದು ದಿನ ತಡವಾದರೂ ಅಂಕ ಕತ್ತರಿಸುತ್ತಾರೆ.

ನಮ್ಮ ಮಕ್ಕಳು ಅಲ್ಲಿಗೆ ಹೋದ ಹೊಸದರಲ್ಲಿ 'ಡೇವಿಡ್ ಸರ್' ಅನ್ನುತ್ತಾರೆ. ಅಲ್ಲಿನವರಿಗೆ ಅದು ವಿಚಿತ್ರವಾಗಿ ಕೇಳುತ್ತದೆ. 'ಸರ್', 'ಮಿಸ್' ಎಂದು ಕರೆಯುವುದು ಅಲ್ಲಿನ ಸ್ಕೂಲ್ ಮಕ್ಕಳು. ಹೆಸರಿನ ಮುಂದೆ 'ಸರ್' ಬಂದರೆ ಅದು ಬಿರುದು. ವಿಶ್ವೇಶ್ವರಯ್ಯನವರು 1915ರಲ್ಲಿ ಸರ್ ಎಂ.ವಿ. ಆದದ್ದು ಹಾಗೆ. 'ಪ್ರೊಫೆಸರ್' ಅಂದುಬಿಟ್ಟರೆ ಸುರಕ್ಷಿತ ಅಂದುಕೊಂಡರೆ ಅಲ್ಲೂ ಒಂದು ತೊಡಕಿದೆ. ಬ್ರಿಟನ್ನಿನಲ್ಲಿ ಅದು ಎಲ್ಲಕ್ಕಿಂತ ಮೇಲಿನ ಹುದ್ದೆ, ಲೆಕ್ಚರರ್ ಆದವರೆಲ್ಲ ಪ್ರೊಫೆಸರ್ ಅಲ್ಲ. ಡೇವಿಡ್ ಅವರ ಮನೆತನದ ಹೆಸರು ಬ್ರೌನ್ ಅಂದುಕೊಳ್ಳಿ. ಪಿಎಚ್‌ಡಿ ಆಗಿದ್ದರೆ ಅವರು ಡಾಕ್ಟರ್ ಬ್ರೌನ್. ಡಾಕ್ಟರ್ ಡೇವಿಡ್ ಅಲ್ಲ, ಮನೆತನದ ಹೆಸರೇ ಬರಬೇಕು. ಅಮೆರಿಕದಲ್ಲಾದರೆ ಪಾಠ ಮಾಡುವವರನ್ನು ಪ್ರೊಫೆಸರ್ ಎಂದು ಕರೆಯುವುದೇ ಸಾಮಾನ್ಯ, ಹೆಸರು ಹಿಡಿಯುವುದು ಬ್ರಿಟನ್ನಿಗಿಂತ ಕಡಿಮೆ. ಆದರೆ ಅದೇ ದೇಶದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಅದನ್ನು ಕಟ್ಟಿದ ಜೆಫರ್ಸನ್ ಹೆಸರಿನಲ್ಲಿ ಬೇರೆಯದೇ ಪದ್ಧತಿ ಉಳಿದುಕೊಂಡು ಬಂದಿದೆ. ಅಲ್ಲಿ ಪ್ರೊಫೆಸರುಗಳೂ ಮಿಸ್ಟರ್, ಮಿಸ್ ಅಷ್ಟೇ.

ಇಷ್ಟೆಲ್ಲ ನೆನಪಿಟ್ಟುಕೊಳ್ಳೋದು ಹೇಗೆ? ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಕಂಡುಕೊಂಡ ದಾರಿ ಇದು: ಮೊದಲ ಇಮೇಲ್‌ನಲ್ಲಿ 'ಡಿಯರ್ ಡಾಕ್ಟರ್ ಬ್ರೌನ್' ಅಂತ ಬರೆಯುವುದು. ಉತ್ತರದ ಕೊನೆಯಲ್ಲಿ ಅವರು ಬರೀ 'ಡೇವಿಡ್' ಅಂತ ಹಾಕಿದ್ದರೆ ಮುಂದಿನ ಸಲದಿಂದ 'ಡಿಯರ್ ಡೇವಿಡ್'. ಪೂರ್ತಿ ಹೆಸರು ಹಾಕಿದ್ದರೆ ಇನ್ನೂ ಸ್ವಲ್ಪ ದಿನ ಡಾಕ್ಟರ್ ಬ್ರೌನ್. ಆದರೆ ಇದನ್ನೆಲ್ಲ ಪತ್ತೆ ಮಾಡುವ ಕೆಲಸ ಹುಡುಗರ ತಲೆಗೆ ಬೀಳಬಾರದು. ಹೊರದೇಶದಿಂದ ಬಂದವರು ಹೇಗೆ ಕರೆಯಬೇಕೋ ಗೊತ್ತಾಗದೆ ಇಮೇಲ್ ಬರೆಯುವುದನ್ನೇ ಮುಂದೂಡುತ್ತಾರೆ. ಡೌಟು ಹಾಗೇ ಉಳಿಯುತ್ತದೆ. ಮೊದಲ ಕ್ಲಾಸಿನಲ್ಲೇ 'ನನ್ನನ್ನು ಹೀಗೆ ಕರೆಯಿರಿ' ಅಂತ ಹೇಳಬೇಕಾದವರು ಮೇಲಿನ ಜಾಗದಲ್ಲಿರುವವರು. ನಿಮ್ಮ ಮಗಳ ಡೇವಿಡ್ ಅದನ್ನು ಮಾಡಿದ್ದಾರೆ. ಅದಕ್ಕೇ ಅವರು ಒಳ್ಳೆಯ ಮೇಷ್ಟ್ರು ಅಂತ ನನಗನ್ನಿಸುತ್ತದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಕಡೆ. ಪಾಠ ಮಾಡುವವರು ಹೆಂಗಸು ಅಂತ ಗೊತ್ತಿದ್ದೂ 'ಡಿಯರ್ ಸರ್' ಅಂತ ಇಮೇಲ್ ಬರುತ್ತದೆ. ಪಕ್ಕದ ಕೋಣೆಯ ಗಂಡಸು ಡಾಕ್ಟರ್, ಅಷ್ಟೇ ಓದಿದ ಈಕೆ 'ಮಿಸೆಸ್'. ಮದುವೆ ಆಗಿದೆಯೋ ಇಲ್ಲವೋ ಎಂಬುದು ಅವರ ವಿದ್ಯೆಗಿಂತ ದೊಡ್ಡದಾಗಿಬಿಡುತ್ತದೆ. ಹೀಗಿರುವಾಗ ಕೆಲವು ಲೆಕ್ಚರರುಗಳು 'ನನ್ನನ್ನು ಡಾಕ್ಟರ್ ಎಂದೇ ಕರೆಯಿರಿ' ಅಂದರೆ ಅದನ್ನು ಜಂಭ ಅನ್ನಬಾರದು. ಡೇವಿಡ್‌ಗೆ ಬಿಟ್ಟುಕೊಡುವುದು ಸುಲಭ. ಅವರ ಬಿರುದನ್ನು ಯಾರೂ ಅನುಮಾನಿಸಿದವರಿಲ್ಲ.

ನೀವು ಪತ್ರದಲ್ಲಿ ಕೇಳದ ಒಂದು ಮಾತಿದೆ, ಮೇಷ್ಟ್ರೇ. ಅಲ್ಲಿನವರು ನಿಮ್ಮ ಮಗಳನ್ನು ಏನಂತ ಕರೆಯುತ್ತಿದ್ದಾರೆ? ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಆಮೇಲೆ ತನ್ನ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗಕ್ಕೆ ಎಷ್ಟೋ ಜನ ಅಪ್ಪನ ಹೆಸರು ಹಾಕುತ್ತಾರೆ. ಅಲ್ಲಿ ಹೋದಮೇಲೆ ಹುಡುಗಿಗೆ 'ಡಿಯರ್ ಮಿಸ್ ಮಂಜುನಾಥ್' ಅಂತ ಪತ್ರ ಬರುತ್ತದೆ. ಸರ್‌ನೇಮ್ ಜಾಗವನ್ನು ಖಾಲಿ ಬಿಟ್ಟು ಪೂರ್ತಿ ಹೆಸರನ್ನು ಹೆಸರಿನ ಜಾಗದಲ್ಲೇ ತುಂಬಿದವರದು ಇನ್ನೂ ಕಷ್ಟ. ಅಮೆರಿಕದ ವೀಸಾದಲ್ಲಿ ಅವರ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗಕ್ಕೆ ಎಫ್‌ಎನ್‌ಯು ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಅದೇ ಮೂರಕ್ಷರ ಕ್ಲಾಸಿನ ಪಟ್ಟಿಗೂ ಬಂದು ಕೂತರೆ, ಹಾಜರಿ ಕೂಗುವವರು ಅದನ್ನೇ ಹೆಸರು ಅಂದುಕೊಳ್ಳುತ್ತಾರೆ.

ಇದನ್ನು ಸಹಿಸಿಕೊಂಡು ಸುಮ್ನೆ ಕೂರಬೇಕಾಗಿಲ್ಲ. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ದಾಖಲೆಯ ಹೆಸರಲ್ಲದೆ ಕರೆಯುವ ಹೆಸರನ್ನೂ ಬರೆಸಲು ಅವಕಾಶವಿದೆ. ಮಗಳು ಅದನ್ನು ತುಂಬಿಸಿದ್ದಾಳಾ ಕೇಳಿ. ಇಮೇಲ್‌ನ ಕೊನೆಯಲ್ಲಿ ಕರೆಯಬೇಕಾದ ಹೆಸರನ್ನಷ್ಟೇ ಹಾಕಲಿ. ಯಾರಾದರೂ ತಪ್ಪಾಗಿ ಉಚ್ಚರಿಸಿದರೆ ಮೊದಲನೇ ದಿನವೇ ತಿದ್ದಲಿ, ಎರಡನೇ ಸಲವೂ ತಿದ್ದಲಿ. ಡೇವಿಡ್ ಅವರಿಗೆ ತಮ್ಮ ಹೆಸರು ಹೇಳಲು ಇದ್ದಷ್ಟೇ ಹಕ್ಕು ಅವಳಿಗೂ ಇದೆ.

— ಸಂ.